ಫುಲ್ಲಶಬ್ದಮೀಮಾಂಸೆ

ಆಂಗ್ಲರು ಈ ದೇಶದಲ್ಲಿ ಬಿಟ್ಟುಹೋದ ಸಾಮಾನುಗಳ ಪೈಕಿ ರೈಲುಹಳಿ, ಕೋರ್ಟು, ಕಚೇರಿಯ ಕೆಂಪುದಾರ ಮೊದಲಾದವುಗಳನ್ನು ಕುರಿತು ಉದ್ಗ್ರಂಥಗಳೇ ಹೊರಟಿವೆಯಾದರೂ, ಅದೇ ಮೂಟೆಯ ತಳದಲ್ಲಿ ಉಳಿದು ಇಂದು ದಾವಣಗೆರೆಯಿಂದ ಹರಿಹರದವರೆಗೆ ಆಬಾಲವೃದ್ಧರ ನಾಲಗೆಯಲ್ಲಿ ನಲಿದಾಡುತ್ತಿರುವ ‘ಫುಲ್’ ಎಂಬ ಶಬ್ದವನ್ನು ಪಂಡಿತರು ಕಡೆಗಣ್ಣಿನಿಂದಲೂ ನೋಡದಿರುವುದನ್ನು ಸಹಿಸಲಾರದೆ ಈ ಅಲ್ಪಮತಿಯು ಲೇಖನಿಯನ್ನು ಹಿಡಿಯಬೇಕಾಯಿತು. ಕಿಟೆಲ್ ಮಹಾಶಯರನ್ನು ದೂರುವಂತಿಲ್ಲ. ಅವರ ನಿಘಂಟು 1894ರಲ್ಲಿ ಮುದ್ರಣವಾದಾಗ ಹರಿಹರಕ್ಕೆ ಹೋಗುವ ಖಾಸಗಿ ಬಸ್ಸು ಇನ್ನೂ ಹೊರಟಿರಲಿಲ್ಲ.

ಶಬ್ದದ ವ್ಯುತ್ಪತ್ತಿಯಲ್ಲಿ ಮತಭೇದವುಂಟು. ಸಂಸ್ಕೃತಾಭಿಮಾನಿಗಳು ಅರಳಿದ್ದೆಂಬ ಅರ್ಥದ ‘ಫುಲ್ಲ’ದಿಂದ ಇದನ್ನು ಹುಟ್ಟಿಸಿ, ಪ್ರಫುಲ್ಲವದನನೆಂದರೆ ಫುಲ್ ಖುಷಿಯಾದವನೇ ಅಲ್ಲವೇ ಎಂದು ಸವಾಲು ಹಾಕುವರು. ಹಳಗನ್ನಡದ ಕಡೆಯವರು ‘ಪುಲ್’ ಎಂಬುದನ್ನು ಮುಂದೊಡ್ಡುವರಾದರೂ, ಪಕಾರವು ಹಕಾರವಾಗುವ ನಿಯಮದಂತೆ ಅದು ಎಂದೋ ಹುಲ್ಲಾಗಿಹೋದ ಕಾರಣ ಆ ವಾದವನ್ನು ಎತ್ತುಗಳು ಮೇಯ್ದು ಮುಗಿಸಿದುವೆಂದೇ ತಿಳಿಯತಕ್ಕದ್ದು. ನಿಜಸಂಗತಿಯು ಈ ಎರಡಕ್ಕಿಂತಲೂ ಸ್ವಾರಸ್ಯವಾದುದು. ಪಿತೃ ಎಂಬುದು ಇಂಗ್ಲಿಷಿನಲ್ಲಿ ಫಾದರ್ ಆದಂತೆ, ಪಾದವು ಫುಟ್ ಆದಂತೆ, ಮೂಲಭಾಷೆಯ ಪಕಾರವು ಜರ್ಮನ್ ವರ್ಗದ ಭಾಷೆಗಳಲ್ಲಿ ಫಕಾರವಾಗುವುದೆಂದು ಗ್ರಿಮ್ ಪಂಡಿತನು 1822ರಲ್ಲಿಯೇ ವಿಶದಪಡಿಸಿರುವುದರಿಂದ, ನಮ್ಮ ‘ಪೂರ್ಣ’ವೂ ಅವರ ‘ಫುಲ್’ ಸಹ ಒಂದೇ ತಾಯಿಯ ಮಕ್ಕಳು. ‘ಪೂರಣ’ವು ಹೋಳಿಗೆಯೊಳಗೆ ಸೇರಿ ಹೂರಣವಾದ ಮೇಲಂತೂ, ಯುಗಾದಿಯ ಎಲೆಗೂ ಹೋಟೆಲಿನ ಫುಲ್ ಮೀಲ್ಸಿಗೂ ದಾಯಾದಿ ಸಂಬಂಧವನ್ನು ಹೇಳದೆ ವಿಧಿಯಿಲ್ಲ.

ಪ್ರಯೋಗಕ್ಕೆ ಬರೋಣ. ಭದ್ರಾ ಜಲಾಶಯವು 186 ಅಡಿಯನ್ನು ಮುಟ್ಟಿದ ದಿನ ‘ಡ್ಯಾಂ ಫುಲ್’ ಎನ್ನುವರು. ನಾಲೆಯ ನೀರನ್ನೇ ನೆಚ್ಚಿದ ಭತ್ತದ ಗದ್ದೆಯವರು ಪಂಚಾಂಗವನ್ನು ಸಂಶಯಿಸಿಯಾರು, ಈ ಅಂಕಿಯನ್ನು ಸಂಶಯಿಸರು. ಶಬ್ದವು ಅಳತೆಗೆ ಸಿಕ್ಕುವುದು ಇಷ್ಟರಲ್ಲಿಯೇ. ಮದ್ಯದಂಗಡಿಗೆ ಬಂದೊಡನೆ ಗಣಿತವು ಕಾಲ್ಜಾರುವುದು: ಅಲ್ಲಿ ಫುಲ್ ಎಂದರೆ 750 ಮಿಲಿಲೀಟರು, ಹಾಫ್ 375, ಕ್ವಾರ್ಟರ್ 180, ನಾಲ್ಕು ಕ್ವಾರ್ಟರುಗಳನ್ನು ಕೂಡಿಸಿದರೆ 720 ಆಗಿ 30 ಮಿಲಿಲೀಟರು ಮಾಯೆಯಲ್ಲಿ ಲೀನವಾಗುವುದು. ಪೂರ್ಣದಿಂದ ಎಷ್ಟು ತೆಗೆದರೂ ಕೊರತೆಯಾಗದೆಂದ ಈಶಾವಾಸ್ಯದ ಋಷಿಗೆ, ಎಷ್ಟು ಕೂಡಿಸಿದರೂ ಪೂರ್ಣವಾಗದ ಈ ಪದಾರ್ಥವು ಗೋಚರಿಸಿದ್ದಂತೆ ಕಾಣೆ. ಲೆಕ್ಕವು ಸರಿಹೊಂದಬೇಕಾದರೆ ಹೊಳೆಯ ದಡದ ಹರಿಹರೇಶ್ವರನ ಸನ್ನಿಧಿಗೇ ಹೋಗಬೇಕು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಆ ಗುಡಿಯಲ್ಲಿ ಬಲಕ್ಕೆ ಹರ, ಎಡಕ್ಕೆ ಹರಿ; ಎರಡು ಹಾಫುಗಳು ಸೇರಿ, ಒಂದು ತೊಟ್ಟೂ ಸೋರದೆ, ಫುಲ್ ದೇವರು.

ಆದರೆ ಶಬ್ದದ ಜೀವವು ಇರುವುದು ಗುಡಿಯಲ್ಲಲ್ಲ, ಗುಡಿಯ ಊರಿಗೆ ಹೋಗುವ ಬಸ್ಸಿನಲ್ಲಿ. ದಾವಣಗೆರೆಯ ನಿಲ್ದಾಣದಲ್ಲಿ ಕಂಡಕ್ಟರನು ಬಾಗಿಲಿಗೆ ಜೋತುಬಿದ್ದು “ಹರಿಹರ ಹರಿಹರ ಹರಿಹರ” ಎಂದು ಕೂಗುವುದನ್ನು ಪರಸ್ಥಳದವನು ನಾಮಜಪವೆಂದು ಭ್ರಮಿಸಿ ಕೈಮುಗಿದರೂ ಮುಗಿದಾನು. ಒಳಗೆ ಮೂವರ ಸೀಟಿನಲ್ಲಿ ನಾಲ್ವರು ಕುಳಿತು, ಒಬ್ಬನ ಮಂಡಕ್ಕಿಯ ಚೀಲವು ಇನ್ನೊಬ್ಬನ ಮೂಗಿಗೆ ತಾಗುತ್ತಿರಲು, ಆ ಮಹಾನುಭಾವನು ಹೊರಗಿನವರಿಗೆ “ಹತ್ರೀ ಹತ್ರೀ, ಫುಲ್ ಖಾಲಿ ಐತಿ” ಎಂದು ಅಭಯವೀಯುವನು. ಪೂರ್ವಪದವು ಇಂಗ್ಲಿಷು, ಉತ್ತರಪದವು ಅರಬ್ಬೀ, ಆಡುವ ಬಾಯಿ ಕನ್ನಡದ್ದು! ಸಂಸ್ಕೃತಕ್ಕೆ ಕನ್ನಡವನ್ನು ಹೊಸೆದುದಕ್ಕೇ ಅರಿಸಮಾಸವೆಂದು ಹುಬ್ಬುಗಂಟಿಕ್ಕಿ, ಬಿರುದಾವಳಿಗಳಲ್ಲಿ ಅದನ್ನು ಮನ್ನಿಸಿದ ವೈಯಾಕರಣ ಕೇಶಿರಾಜನು ಈ ಬಸ್ಸನ್ನು ಹತ್ತಿದ್ದರೆ ಮುಂದಿನ ಸ್ಟಾಪಿನಲ್ಲಿಯೇ ಇಳಿಯುತ್ತಿದ್ದನು. ‘ಫುಲ್ ಟೈಟ್’ ಎಂಬುದನ್ನಾದರೂ ಬಿರುದೆಂದು ಒಪ್ಪಿಯಾನೇನೋ.

ತುಂಬಿರುವುದೆಂಬ ಶಬ್ದವು ಖಾಲಿಗೆ ವಿಶೇಷಣವಾಗುವುದು ಹೇಗೆಂದು ಹೌಹಾರುವವರು ತಮ್ಮ ತಾಯ್ನುಡಿಯನ್ನೇ ಒಮ್ಮೆ ತಡವಿ ನೋಡಿಕೊಳ್ಳಬೇಕು. ಕೊಡದಲ್ಲಿ, ಕೆರೆಯಲ್ಲಿ, ಬಸುರಿಯಲ್ಲಿ ನೆಲಸಿದ್ದ ನಮ್ಮ ‘ತುಂಬು’ ಎಂಬ ಗೌರವಸ್ಥ ಧಾತುವು ಎಂದೋ ಮನೆ ಬಿಟ್ಟು ‘ತುಂಬಾ’ ಎಂಬ ಅಲೆಮಾರಿಯಾಗಿ, ತುಂಬಾ ಬಡವ, ತುಂಬಾ ಸಣಕಲ, ತುಂಬಾ ಹಸಿವು ಎಂದು ಬರಿದಾದುದಕ್ಕೆಲ್ಲ ಜಾಮೀನು ನಿಲ್ಲುತ್ತಲಿದೆ. ತುಂಬಾ ಹಸಿದವನ ಹೊಟ್ಟೆಯಲ್ಲಿ ತುಂಬಿರುವುದೇನೆಂದು ಈವರೆಗೆ ಯಾವ ವೈಯಾಕರಣಿಯೂ ಕೇಳಿದ್ದಿಲ್ಲ. ಕನ್ನಡಿಗನ ಕೈಗೆ ಸಿಕ್ಕಿದ ತುಂಬಿದ ಶಬ್ದವನ್ನು ಆತನು ಮೊದಲು ಬರಿದುಮಾಡಿ ಆಮೇಲೆ ಬಳಸುವನು. ಫುಲ್ ನಡೆಯುತ್ತಿರುವುದು ತುಂಬಾ ಸವೆಸಿಟ್ಟ ದಾರಿಯಲ್ಲಿಯೇ.

ಈ ಸಿದ್ಧಾಂತಕ್ಕೆ ಪರಮಪ್ರಮಾಣವು ದೊರೆತದ್ದು ದಾವಣಗೆರೆಯ ಒಂದು ದೋಸೆಯ ಹೋಟೆಲಿನಲ್ಲಿ. ಒಳಗೆ ಏನನ್ನೂ ತುಂಬದೆ ಮೆತ್ತಗೆ ಬೇಯಿಸಿದ ದೋಸೆಗೆ ಆ ಊರಿನಲ್ಲಿ ಖಾಲಿದೋಸೆಯೆಂದು, ಸಲುಗೆಯಲ್ಲಿ ಬರಿಯ ಖಾಲಿಯೆಂದು ಹೆಸರು. ಹೊತ್ತೇರಿದ ಮೇಲೆ ಹೋಗಿ ಕುಳಿತು “ಒಂದು ಖಾಲಿ” ಎಂದೆನು. ಹೆಗಲ ವಸ್ತ್ರದಿಂದ ಮೇಜಿನ ಮೇಲಿನ ಚಟ್ನಿಯ ಉಂಗುರವನ್ನು ಒರೆಸುತ್ತಿದ್ದ ಹುಡುಗನು ಒಲೆಯ ಕಡೆಗೆ ತಿರುಗಿ ನೋಡಿ, ಅಲ್ಲಿ ಹಿಟ್ಟಿನ ಪಾತ್ರೆಯು ಬೋರಲು ಬಿದ್ದಿರುವುದನ್ನು ಕಂಡು, ನಿರ್ವಿಕಾರಚಿತ್ತನಾಗಿ ನುಡಿದನು: “ಖಾಲಿ ಫುಲ್ ಖಾಲಿ ರೀ.”

ಮೊದಲನೆಯ ಖಾಲಿಯು ಕರ್ತೃಪದ, ಎರಡನೆಯದು ವಿಧೇಯ. ನಡುವೆ, ಎರಡು ಶೂನ್ಯಗಳ ಹೆಗಲ ಮೇಲೆ ಕೈಯಿಟ್ಟು ನಿಂತ ಫುಲ್. ಆನಂದಬಾಷ್ಪವು ಉಕ್ಕಿ ಬರಲು ನಾನು ಜೇಬಿನಿಂದ ಪೆನ್ಸಿಲನ್ನು ತೆಗೆದು ಹಳೆಯ ಬಸ್ ಟಿಕೆಟಿನ ಬೆನ್ನಿನ ಮೇಲೆ ಆ ಮಹಾವಾಕ್ಯವನ್ನು ಬರೆದುಕೊಳ್ಳುತ್ತಿರುವಾಗ, ನನ್ನ ಕಣ್ಣೀರು ಹಸಿವಿನದೆಂದು ಬಗೆದ ಹುಡುಗನು ಬಗ್ಗಿ ಮೆಲ್ಲನೆ, “ಬೆಣ್ಣೆದೋಸಿ ಹಿಟ್ಟು ಒಂದೀಟು ಐತ್ರಿ, ಬೆಣ್ಣಿ ಫುಲ್ ಹಾಕಿ ಕೊಡಿಸ್ಲಾ?” ಎಂದನು. ಈ ಪ್ರಯೋಗವನ್ನು ಯಾವ ವಿಭಾಗಕ್ಕೆ ಸೇರಿಸಬೇಕೆಂದು ವಿಚಾರಿಸದೆ, ಪೆನ್ಸಿಲನ್ನು ಜೇಬಿಗಿಟ್ಟು ತಲೆಯಾಡಿಸಿದೆನು.