ಸ್ಮೋಕರಿಗೆ ಗಾಲಿಯೋಗ

ಟೆಕ್ಸಸ್ಸಿನ ಕೆಲವು ಕನ್ನಡ ಮನೆಗಳ ಹಿತ್ತಲಲ್ಲಿ ತುಳಸಿಕಟ್ಟೆಯ ನಂತರದ ಸ್ಥಾನ ಸ್ಮೋಕರಿನದು. ಒಂದು ತುದಿಯಲ್ಲಿ ಸೌದೆ ಉರಿಯುವ ಫೈರ್‌ಬಾಕ್ಸ್, ಇನ್ನೊಂದು ತುದಿಯಲ್ಲಿ ಹೊಗೆಕೊಳವೆ, ನಡುವೆ ಬ್ರಿಸ್ಕೆಟ್ ಎಂಬ ದನದ ಎದೆಮಾಂಸ ಹತ್ತು ಹನ್ನೆರಡು ಗಂಟೆ ಬೇಯುವ ಉಕ್ಕಿನ ಪೀಪಾಯಿ. ಕಾಲಿಂಚು ದಪ್ಪದ ಉಕ್ಕು ಚದರಡಿಗೆ ಸುಮಾರು 4.6 ಕಿಲೋ ತೂಗುತ್ತದೆ. ಇಡೀ ಸಾಮಾನು 300 ಕಿಲೋ ಮುಟ್ಟಿದರೆ ಅಚ್ಚರಿಯಿಲ್ಲ. ಒಂದೇ ಕಡೆ ನೆಟ್ಟುಬಿಡಬಾರದೇ ಎಂದರೆ, ಆಗದು. ಅಲ್ಲಿ ಬೇಸಿಗೆಯಲ್ಲಿ ಹೆಚ್ಚಾಗಿ ತೆಂಕಣ ಗಾಳಿ. ಚಳಿಗಾಲದಲ್ಲಿ ಬಡಗಣ ಗಾಳಿ ಹೇಳದೆ ಕೇಳದೆ ನುಗ್ಗುತ್ತದೆ. ಬೇಸಿಗೆಗೆ ಸರಿಯಾಗಿ ಊರಿನಿಂದ ಬಂದ ಅತ್ತೆಯವರು ಡೆಕ್ಕಿನ ಮೇಲೆ ಸಂಡಿಗೆ ಹರವಿರುತ್ತಾರೆ. ಬ್ರಿಸ್ಕೆಟ್ಟಿನ ಹೊಗೆ ಅದರ ಮೇಲೆ ಹಾದರೆ ಮಡಿಯೂ ಹೋಯಿತು, ಅಳಿಯಂದಿರ ಮರ್ಯಾದೆಯೂ ಹೋಯಿತು. ಗಾಳಿಯನ್ನು ತಿರುಗಿಸಲಾಗದು, ಅತ್ತೆಯವರನ್ನಂತೂ ಕೇಳುವುದೇ ಬೇಡ. ಸರಿಯಬೇಕಾದದ್ದು ಸ್ಮೋಕರೇ, ಅದೂ ಬೆಂಕಿ ಹಚ್ಚುವ ಮೊದಲೇ.

ತೂಕವೇ ತೊಂದರೆಯಾದರೆ ತೆಳು ತಗಡಿನದನ್ನು ಕೊಳ್ಳಿ ಎನ್ನುವವರಿದ್ದಾರೆ. ಇಲ್ಲಿ ತೂಕ ದೋಷವಲ್ಲ, ಗುಣ. ಒಳಗಿನ ಬಿಸಿಯನ್ನು 110 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಹಿಡಿದು ನಿಲ್ಲಿಸುವುದು ಆ ದಪ್ಪ ಉಕ್ಕೇ. ತೆಳು ತಗಡು ಗಾಳಿ ಬೀಸಿದಾಗಲೆಲ್ಲ ತಣ್ಣಗಾಗಿ, ಸೌದೆ ಹಾಕಿದಾಗಲೆಲ್ಲ ಕೆರಳುತ್ತದೆ. ತೇರು ಭಾರವಾಯಿತೆಂದು ಯಾವ ಊರಿನವರೂ ಅದನ್ನು ಕುಗ್ಗಿಸಲಿಲ್ಲ, ದೊಡ್ಡ ಗಾಲಿ ಹಾಕಿದರು. ಇನ್ನು ಕೆಲವರ ಮದ್ದು ಕನ್ನಡ ಸಂಘದ ನಾಲ್ವರನ್ನು ಕೈಹಚ್ಚಲು ಕರೆಯುವುದು. ನಾಲ್ವರು ಬಂದರೆ ನಾಲ್ಕು ಸಂಸಾರ ಬಂದ ಹಾಗೆ. ಉಪ್ಪಿಟ್ಟು, ಕಾಫಿ ಆಗಬೇಕು. ಎಲ್ಲಿ ಹಿಡಿದು ಎತ್ತಬೇಕೆಂಬುದಕ್ಕೆ ನಾಲ್ವರಲ್ಲಿ ಐದು ಅಭಿಪ್ರಾಯ. ಅವು ಒಂದಾಗುವಷ್ಟರಲ್ಲಿ ಗಾಳಿಯೇ ದಿಕ್ಕು ಬದಲಿಸಿರುತ್ತದೆ.

ಕೊಂಡಾಗಲೇ ಎರಡು ಗಾಲಿ ಇರುತ್ತವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅವು ಎಷ್ಟೋ ವೇಳೆ ಸಣ್ಣವು, ಕಿರಿದಾದವು. ನೀರು ಹಾಯಿಸಿದ ಹುಲ್ಲಿನಲ್ಲಿ ಹೂತುಕೊಳ್ಳುತ್ತವೆ. ಅಗಲವಾದ ಟೈರು ಭಾರವನ್ನು ಹರಡುತ್ತದೆ, ದೊಡ್ಡ ಗಾಲಿ ಗುಂಡಿಯನ್ನು ದಾಟುತ್ತದೆ. ಅವು ಯಾವ ತುದಿಯಲ್ಲಿವೆ ಎಂಬುದು ಇನ್ನೂ ಮುಖ್ಯ. ಭಾರದ ಕೇಂದ್ರ ಫೈರ್‌ಬಾಕ್ಸಿನ ತುದಿಯಿಂದ ಕಾಲುಭಾಗ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಗಾಲಿಯ ಅಚ್ಚು ಆ ತುದಿಯಲ್ಲಿದ್ದರೆ ಆಚೆ ತುದಿಯಲ್ಲಿ ಎತ್ತಬೇಕಾದದ್ದು 75 ಕಿಲೋ, ಅದಲುಬದಲಾದರೆ 225. ಮೊದಲನೆಯದು ಇಬ್ಬರ ಕೆಲಸ, ಎರಡನೆಯದು ಮೂಳೆ ಡಾಕ್ಟರ ಕೆಲಸ. ಆ 75 ಕಿಲೋ ಕೂಡ ಬೇಡವೆಂದರೆ ಎತ್ತುವ ತುದಿಗೂ ಸುತ್ತ ತಿರುಗುವ, ಬ್ರೇಕಿರುವ ಒಂದು ಜೊತೆ ಗಾಲಿ ಹಾಕಿಸಿ. ಅಚ್ಚನ್ನು ಮಾತ್ರ ಉದ್ದ ಬಿಟ್ಟು ಟೈರುಗಳನ್ನು ಫೈರ್‌ಬಾಕ್ಸಿನ ಕಾವಿನಿಂದ ಹೊರಗಿರಿಸಿ. ಸುಟ್ಟ ರಬ್ಬರಿನ ಘಮ ಬ್ರಿಸ್ಕೆಟ್ಟಿಗೂ ಒಗ್ಗದು, ಸುಟ್ಟ ಬದನೆಕಾಯಿ ಗೊಜ್ಜಿಗೂ ಒಗ್ಗದು.

ಸುಲಭವಾಗಿ ಸರಿಯುವುದಾದರೆ ದಿನಕ್ಕೆ ನಾಲ್ಕು ಸಲ ಸರಿಸಿ ಎನ್ನುವುದಿಲ್ಲವೇ? ಖಂಡಿತ ಎನ್ನುತ್ತಾರೆ. ಹೆಂಡತಿಗೆ ಕರಿಬೇವಿನ ಕುಂಡ ಇಡಲು ಜಾಗ ಬೇಕು, ಅತ್ತೆಯವರಿಗೆ ಇನ್ನೊಂದು ಚಾಪೆಯಷ್ಟು ಬಿಸಿಲು ಬೇಕು. ಬ್ರೇಕಿರುವ ಗಾಲಿ ಎಂದು ಒತ್ತಿ ಹೇಳಿದ್ದು ಅದಕ್ಕೇ. ಬ್ರೇಕು ಒತ್ತಿದ 300 ಕಿಲೋ ಹಳೆಯ 300 ಕಿಲೋವೇ. ಅದನ್ನು ಬಿಡಿಸುವುದು ಹೇಗೆಂದು ಮನೆಮಂದಿಗೆಲ್ಲ ಕಲಿಸಲೇಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.