ಸ್ವಾರಸ್ಯ ಪ್ರಸ್ಥಾನ: ಒಂದು ಶಾಸ್ತ್ರೀಯ ವಿಚಾರ

ಕಾವ್ಯಮೀಮಾಂಸೆಯ ಪ್ರಸ್ಥಾನಗಳು ರಸ, ಅಲಂಕಾರ, ರೀತಿ, ಧ್ವನಿ, ವಕ್ರೋಕ್ತಿ, ಔಚಿತ್ಯವೆಂದು ಆರೇ ಎಂದ ಪಂಡಿತರು ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂತವರಲ್ಲ ಎಂಬುದು ನಿರ್ವಿವಾದ. ಏಳನೆಯದೊಂದಿದೆ: ಸ್ವಾರಸ್ಯ ಪ್ರಸ್ಥಾನ. ಆಕರಗ್ರಂಥ, ಗೈಡು. ಕರ್ತೃ, ಅನುಭವೀ ಶಿಕ್ಷಕರು. ಕಾಲ, ಮಾರ್ಚ್ ತಿಂಗಳು.

9ನೇ ಶತಮಾನದ ಆನಂದವರ್ಧನ ಕಾವ್ಯದ ಆತ್ಮ ಧ್ವನಿ ಎಂದನೇ ಹೊರತು ಆ ಆತ್ಮಕ್ಕೆ ಎಷ್ಟು ಅಂಕವೆಂದು ಹೇಳಲಿಲ್ಲ. ‘ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆ ಆ ಕೊರತೆ ನೀಗಿಸಿತು. ಆಯ್ಕೆಗೊಂದು, ಸಂದರ್ಭಕ್ಕೊಂದು, ಸ್ವಾರಸ್ಯಕ್ಕೊಂದು, ಒಟ್ಟು 3. ಸ್ವಾರಸ್ಯವನ್ನು ಹೀಗೆ ನಿರೂಪಿಸತಕ್ಕದ್ದು: ‘ಈ ಮಾತು ಬಹಳ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ.’ ಭೀಮನ ಪ್ರತಿಜ್ಞೆಗೂ ಇದೇ, ಶಬರಿಯ ಸಡಗರಕ್ಕೂ ಇದೇ. ಶಂಕರರು ಅಷ್ಟು ಭಾಷ್ಯ ಬರೆದು ಸಾಧಿಸಿದ ಅಭೇದ ಇಲ್ಲಿ ಒಂದೇ ಸಾಲಿನಲ್ಲಿ ಸಿದ್ಧಿಸುತ್ತದೆ. ಸ್ವಾರಸ್ಯವನ್ನು ಸ್ವಾರಸ್ಯದಿಂದಲೇ ವಿವರಿಸಿದರೆ ಆತ್ಮಾಶ್ರಯ ದೋಷವಲ್ಲವೇ ಎಂದು ತಾರ್ಕಿಕರು ಕೇಳಿಯಾರು. ಅಂಕ ಬಿದ್ದಮೇಲೆ ದೋಷವೆಲ್ಲಿಯದು?

ಪ್ರಮಾಣಗಳ ವಿಷಯದಲ್ಲಿ ನಾವು ನೈಯಾಯಿಕರನ್ನೇ ಒಪ್ಪುತ್ತೇವೆ. ಪ್ರತ್ಯಕ್ಷವೆಂದರೆ ಪ್ರಶ್ನೆಪತ್ರಿಕೆ. ಹೋದ ವರ್ಷ ಕೇಳಿದ್ದು ಈ ವರ್ಷ ಬರದು ಎಂಬುದು ಅನುಮಾನ. ಉಪಮಾನ, ಮುಂದಿನ ಬೆಂಚಿನವನ ಹಾಳೆ. ಕೀ ಆನ್ಸರ್ ಶಬ್ದಪ್ರಮಾಣ. ಆಪ್ತವಾಕ್ಯ, ಆದ್ದರಿಂದ ಪ್ರಶ್ನಾತೀತ.

ಕವಿ ಪರಿಚಯ ನಮ್ಮವರ ಚರಿತ್ರೆಶಾಸ್ತ್ರ. ಕಾಲ, ಸ್ಥಳ, ಕೃತಿ, ಪ್ರಶಸ್ತಿ ಎಂಬ ನಾಲ್ಕು ಖಾನೆಗಳಲ್ಲಿ ಯಾವ ಕವಿಯಾದರೂ ಅಡಗಬೇಕು. ಸುಮಾರು 1430ರ ಕುಮಾರವ್ಯಾಸನಿಗೆ 1965ರಲ್ಲಿ ಮೊದಲು ಕೊಟ್ಟ ಜ್ಞಾನಪೀಠ ದಕ್ಕುವಂತಿರಲಿಲ್ಲ. ಖಾನೆ ಖಾಲಿ ಬಿಡಬಾರದಲ್ಲ, ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂಬ ಬಿರುದು ಸಮಯಕ್ಕೆ ಒದಗುತ್ತದೆ. ಹೆಸರಿನ ಕೆಳಗೆ ಸ್ಕೇಲಿಟ್ಟು ಗೆರೆ ಎಳೆಯುವುದು ಕವಿಗೆ ಸಲ್ಲಿಸುವ ಗೌರವ. ಪೆನ್ಸಿಲಿನ ಗೆರೆಯಾದರೆ ಇನ್ನೂ ಶ್ರೇಷ್ಠ.

ಇನ್ನು ಛಂದಸ್ಸು. ಭಾಮಿನಿ ಷಟ್ಪದಿಯ 1, 2, 4, 5ನೇ ಸಾಲುಗಳಿಗೆ 14 ಮಾತ್ರೆ, 3 ಮತ್ತು 6ಕ್ಕೆ 23, ಒಟ್ಟು 102. ಕುಮಾರವ್ಯಾಸನ ಷಟ್ಪದಿಯಲ್ಲಿ ಕೃಷ್ಣ ಕರ್ಣನನ್ನು ರಥದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ‘ನೀನು ಕುಂತಿಯ ಮಗ’ ಎನ್ನುತ್ತಾನೆ. ಕರ್ಣನ ಕೊರಳು ಬಿಗಿಯುತ್ತದೆ, ಕಣ್ಣೀರು ಉಕ್ಕುತ್ತದೆ. ಆಗ ವಿದ್ಯಾರ್ಥಿಯು ಒಂದೊಂದು ಅಕ್ಷರದ ತಲೆಯ ಮೇಲೂ ಲಘು-ಗುರು ಹಾಕಿ, 3, 4ರಂತೆ ಗಣ ಕತ್ತರಿಸುತ್ತಾ, ಕಡೆಯ ಗುರು ಸಿಗದೆ ಬೆವರುತ್ತಿರಬೇಕು. ಕರ್ಣನ ಕಷ್ಟ ಕರ್ಣನಿಗೆ, ಇವನ ಕಷ್ಟ ಇವನಿಗೆ.

ಪೂರ್ವಪಕ್ಷ ಯಾವಾಗಲೂ ಹಿಂದಿನ ಬೆಂಚಿನಿಂದ ಬರುತ್ತದೆ. “ಸಾರ್, ಈ ಗುಟ್ಟು ಕೃಷ್ಣನಿಗೆ ಮೊದಲೇ ಗೊತ್ತಿತ್ತಲ್ಲ, ಯುದ್ಧ ಹತ್ತಿರ ಬಂದಾಗಲೇ ಯಾಕೆ ಹೇಳಿದ? ಅದು ಪ್ರೀತಿನಾ, ಮೋಸಾನಾ?”

ಇದಕ್ಕೆ ನಮ್ಮ ಪ್ರಸ್ಥಾನದ ಸಿದ್ಧಾಂತ: “ಕೂತ್ಕೊಳಮ್ಮ. ಅದು ಒಂದು ಅಂಕಕ್ಕೂ ಬರಲ್ಲ, ಮೂರಕ್ಕೂ ಬರಲ್ಲ.”