ಕಿವಿಯಿಂದ ಕಿವಿಗೆ ಓಡುವ ಕುದುರೆ

ಪಳಗಿದ ಜೂಜುಗಾರರು ಹೊಸಬರಿಗೆ ಬುದ್ಧಿ ಹೇಳಬೇಕೇ ಎಂಬ ಪ್ರಶ್ನೆಗೆ, ಬಾಜಿ ಕಟ್ಟದ ನನ್ನಂಥವನು ತೀರ್ಪು ಕೊಡುವುದು ಅಧಿಕಪ್ರಸಂಗವೇ ಸರಿ. ಆದರೂ ಉಪದೇಶಕರಿಗೇ ಉಪದೇಶ ಮಾಡುವ ಸುಖವನ್ನು ಬಿಡಲಾಗುತ್ತಿಲ್ಲ. ಕುದುರೆಯ ಹೆಸರನ್ನು ಮಾತ್ರ ಯಾರಿಗೂ ಹೇಳಬೇಡಿ. ಇದು ನೀತಿಯ ಮಾತಲ್ಲ, ಭಾಗಾಕಾರದ ಮಾತು. 1886ರಲ್ಲಿ ಆರನೆಯ ನಿಜಾಮರು ಮೌಲಾಲಿಯಿಂದ ರೇಸನ್ನು ತಂದು ನೆಲೆಗೊಳಿಸಿದ ಹೈದರಾಬಾದಿನ ಮಲಕ್‌ಪೇಟೆಯನ್ನೇ ನೋಡಿ. ಅಲ್ಲಿನ ಟೋಟಿನಲ್ಲಿ ಎಲ್ಲರ ದುಡ್ಡೂ ಒಂದೇ ರಾಶಿ. ಕ್ಲಬ್ಬು, ಸರ್ಕಾರ ತಮ್ಮ ಪಾಲು ಎತ್ತಿಕೊಂಡ ಮೇಲೆ ಉಳಿದದ್ದು ಗೆದ್ದವರಿಗೆ ಹಂಚಿಕೆ. ಲೆಕ್ಕಕ್ಕೆಂದು, ಒಂದು ಲಕ್ಷದ ರಾಶಿಯಲ್ಲಿ ಎಂಬತ್ತು ಸಾವಿರ ಉಳಿಯಿತೆನ್ನಿ. ಯಾರೂ ಮೂಸದ ಕುದುರೆಯ ಮೇಲೆ ಹತ್ತು ರೂಪಾಯಿಯ ನೂರೇ ಟಿಕೆಟ್ ಇದ್ದರೆ ಒಂದೊಂದಕ್ಕೂ ಎಂಟುನೂರು. ಈಗ ಒಬ್ಬ ಅನುಭವಿ ಅದರ ಹೆಸರನ್ನು ಭಾವಮೈದುನನ ಕಿವಿಯಲ್ಲಿ ಉಸುರುತ್ತಾನೆ, 'ಯಾರಿಗೂ ಹೇಳಬೇಡ' ಎಂದು. ಭಾವಮೈದುನ ಇರಾನಿ ಚಹಾ ಕುಡಿಯುತ್ತಾ ಗೆಳೆಯನಿಗೆ ಹೇಳುತ್ತಾನೆ, ಯಾರಿಗೂ ಹೇಳಬೇಡ ಎಂದೇ. ಚಹಾದವನು ಕೇಳಿಸಿಕೊಂಡು ಆಟೋದವನಿಗೆ, ಆಟೋದವನು ಸವಾರಿಗೆ, ಸವಾರಿ ಫೋನಿನಲ್ಲಿ ಷಡ್ಡಕನಿಗೆ. ಬೇರೆ ಕುದುರೆಗಳ ಮೇಲೆ ಬೀಳಬೇಕಿದ್ದ ದುಡ್ಡೇ ಇತ್ತ ತಿರುಗಿ, ರಾಶಿ ಅಷ್ಟೇ ಇದ್ದು, ಟಿಕೆಟ್ ಎಂಟು ಸಾವಿರ ದಾಟುತ್ತದೆನ್ನುವಾಗ ಗಂಟೆ ಹೊಡೆಯುತ್ತದೆ. ಕುದುರೆ ಗೆಲ್ಲುತ್ತದೆ, ಟಿಪ್ಸು ನಿಜವಾಗುತ್ತದೆ, ಮೈದಾನವೆಲ್ಲ ಕುಣಿಯುತ್ತದೆ. ಒಂದು ಟಿಕೆಟ್ಟಿಗೆ ಸಿಕ್ಕಿದ್ದು ಹತ್ತು ರೂಪಾಯಿ. ಚಹಾದ ದುಡ್ಡು ಕೈಬಿಟ್ಟಿತು.

ಬುಕ್ಕಿಯ ಹತ್ತಿರ ಆಡಿದರೆ ಕಟ್ಟಿದಾಗಿನ ದರವೇ ಖಾಯಂ ಅಲ್ಲವೇ ಎನ್ನಬಹುದು. ಸರಿ, ಆದರೆ ಬುಕ್ಕಿಗೂ ಎರಡು ಕಿವಿಗಳಿವೆ. ಎರಡನೆಯವನು ಬರುವಷ್ಟರಲ್ಲಿ ದರ ಇಳಿದಿರುತ್ತದೆ. ಹಾಗಾಗಿ ಪುಕ್ಕಟೆ ಟಿಪ್ಸು ಕೊಡುವವನಿಗೆ ಒಂದೋ ಆ ಕುದುರೆಯ ಮೇಲೆ ನಂಬಿಕೆಯಿಲ್ಲ, ಇಲ್ಲವೇ ಗೆಲ್ಲುವುದಕ್ಕಿಂತ ಗುರುವಾಗುವುದೇ ಇಷ್ಟ. ಎರಡನೆಯ ಜಾತಿಯವರ ಕಾಟವೇ ಹೆಚ್ಚು: ಕುದುರೆ ಸೋತರೆ ತಪ್ಪು ಜಾಕಿಯದು, ಗೆದ್ದರೆ ಕೀರ್ತಿ ತಮ್ಮದು. ಇನ್ನು ರಮ್ಮಿ. ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಲ್ಲಿ 1967ರಲ್ಲೇ ಸುಪ್ರೀಂ ಕೋರ್ಟು, ಬಿದ್ದ ಎಲೆಗಳನ್ನು ನೆನಪಿಡಬೇಕಾದ ಈ ಆಟ ಮುಖ್ಯವಾಗಿ ಕೌಶಲದ್ದು ಎಂದಿತು. 1996ರಲ್ಲಿ ಕುದುರೆ ರೇಸಿಗೂ ಅದೇ ಮರ್ಯಾದೆ ಸಿಕ್ಕಿತು. ಕೌಶಲವನ್ನು ಕಲಿಸಬಹುದು, ನಿಜ. ಆದರೆ ಆಟ ಕೌಶಲದ್ದೆಂದು ಕೋರ್ಟು ಹೇಳಿದ್ದನ್ನು ಪ್ರತಿಯೊಬ್ಬ ಆಟಗಾರನೂ ತಾನು ಕುಶಲನೆಂದು ಓದಿಕೊಂಡ. ಫೋನಿನಲ್ಲಿ ರಮ್ಮಿ ಬಂದ ಮೇಲೆ ಈ ತಪ್ಪು ಓದಿಗೆ ಸಂಬಳ, ಒಡವೆ, ಸಾಲ ಎಲ್ಲವೂ ಹೋದವು. ತೆಲಂಗಾಣ 2017ರಲ್ಲಿ ಫೋನಿನ ರಮ್ಮಿಯನ್ನು ನಿಷೇಧಿಸಿದಾಗ ನಗುವವರು ಯಾರೂ ಉಳಿದಿರಲಿಲ್ಲ.

ಋತುಪರ್ಣ ನಳನಿಗೆ ಪಗಡೆಯ ಮರ್ಮ ಹೇಳಿಕೊಡಲಿಲ್ಲವೇ ಎನ್ನುವವರಿದ್ದಾರೆ. ಹೇಳಿಕೊಟ್ಟ, ಬದಲಿಗೆ ಕುದುರೆಯ ವಿದ್ಯೆಗೆ ಮಾತು ಪಡೆದು. ಧರ್ಮರಾಯನಿಗೆ ಬೃಹದಶ್ವ ಕಲಿಸಿದ್ದು ಕಾಡಿನಲ್ಲಿ, ರಾಜ್ಯ ಹೋದ ಮೇಲೆ. ಆ ವಿದ್ಯೆ ಒದಗಿಬಂದದ್ದು ಕಂಕಭಟ್ಟನಾಗಿ ವಿರಾಟನನ್ನು ರಂಜಿಸುವ ಚಾಕರಿಗೆ. ಅನುಭವಿಗಳು ಹೇಳಲೇಬೇಕೆಂದರೆ ಗೆದ್ದ ಕುದುರೆಯನ್ನು ಬಿಟ್ಟು ಸೋತ ಮೊತ್ತವನ್ನು ಹೇಳಲಿ. ಎಷ್ಟು ಜನಕ್ಕೆ ಹೇಳಿದರೂ ಅದರ ಬೆಲೆ ಇಳಿಯುವುದಿಲ್ಲ. ಅದು ಕಷ್ಟವೆನಿಸಿದರೆ ಇಷ್ಟನ್ನಾದರೂ ಧಾರಾಳವಾಗಿ ಹಂಚಲಿ: 2025ರ ಸೆಪ್ಟೆಂಬರ್ 22ರಿಂದ ರೇಸಿನ ಬಾಜಿಗೆ ಜಿಎಸ್‌ಟಿ ಶೇ. 40.